ಚಹಾ: ಕುದಿಸುವುದೋ, ನೆನೆಸುವುದೋ?

“ಡಾಕ್ಟರೇ, ಚಹಾ ಬಿಡಲೇಬೇಕೇನ್ರಿ?” ನಮ್ಮ ಚಿಕಿತ್ಸಾಲಯಕ್ಕೆ ಬರುವವರು ನಿತ್ಯವೂ ಕೇಳುವ ಪ್ರಶ್ನೆಯಿದು. ಆಯುರ್ವೇದ ವೈದ್ಯರು ಬಿಡಿ ಎಂದೇ ಹೇಳುವರೆಂಬ ಭಯ ಅವರದು. ನಾವು ಹಾಗೆ ಹೇಳುವುದಿಲ್ಲ. ಚರಕ, ಸುಶ್ರುತರ ಗ್ರಂಥಗಳಲ್ಲಿ ಚಹಾದ ಹೆಸರಿಲ್ಲವೆಂಬುದು ನಿಜ. ಆದರೆ ಹೆಸರಿಲ್ಲದ ದ್ರವ್ಯವನ್ನೂ ಅದರ ರಸಗುಣಗಳಿಂದ ಅರಿಯುವ ಮಾರ್ಗವನ್ನು ಶಾಸ್ತ್ರವೇ ತೋರಿಸಿದೆ. ಚಹಾ ಒಗರು, ಕಹಿ. ಮಿತಿ ಮೀರಿದರೆ ದೇಹವನ್ನು ಒಣಗಿಸುವಂಥದು. ಮಿತಿಯಲ್ಲಿದ್ದರೆ ಜಡತೆಯನ್ನು ಕಳೆಯುತ್ತದೆ. ನಮ್ಮ ತಕರಾರಿರುವುದು ಚಹಾದ ಮೇಲಲ್ಲ, ಅದನ್ನು ಮಾಡುವ ರೀತಿಯ ಮೇಲೆ. ಈಚೆಗೆ ಅದರ ಹೆಸರಿನಲ್ಲಿ ಮಾರಾಟವಾಗುವ ಡಬ್ಬಿಗಳ ಮೇಲೆ.

ಔಷಧ ದ್ರವ್ಯದ ಸಾರವನ್ನು ನೀರಿಗಿಳಿಸಲು ಆಯುರ್ವೇದ ಹೇಳುವ ಕ್ರಮಗಳಲ್ಲಿ ಎರಡನ್ನು ಇಲ್ಲಿ ನೆನೆಯಬೇಕು. ದ್ರವ್ಯಕ್ಕೆ 16 ಪಟ್ಟು ನೀರು ಹಾಕಿ, ಕುದಿಸಿ, 8ನೆಯ ಒಂದು ಭಾಗಕ್ಕೆ ಇಳಿಸಿದರೆ ಅದು ಕ್ವಾಥ. ಬಿಸಿನೀರನ್ನು ದ್ರವ್ಯದ ಮೇಲೆರೆದು, ತುಸು ಹೊತ್ತು ಬಿಟ್ಟು ಸೋಸಿದರೆ ಅದು ಫಾಂಟ. ಬೇರು, ತೊಗಟೆಗಳಂಥ ಗಟ್ಟಿ ದ್ರವ್ಯಗಳಿಗೆ ಕ್ವಾಥ ತಕ್ಕದ್ದು. ಸುಗಂಧವೇ ಸಾರವಾಗಿರುವ ಎಲೆ, ಹೂಗಳಿಗೆ ಫಾಂಟ. ಚಹಾ ಎಲೆ. ಅದನ್ನು ನಾವು ಕ್ವಾಥದಂತೆ ಕುದಿಸುತ್ತಿದ್ದೇವೆ!

ಇದಕ್ಕೊಂದು ಕಾರಣವಿದೆ. ನಮ್ಮ ಅಂಗಡಿಗಳಲ್ಲಿ ದೊರೆಯುವುದು ಬಹುಪಾಲು ಸಿ.ಟಿ.ಸಿ. ಚಹಾ. 1930ರ ಸುಮಾರಿಗೆ ಅಸ್ಸಾಮಿನಲ್ಲಿ ಬಳಕೆಗೆ ಬಂದ ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಸುರುಳಿ ಮಾಡಿ ಕಾಳಿನಂತಾಗಿಸುತ್ತಾರೆ. ಬಣ್ಣ ಬೇಗ ಬಿಡುತ್ತದೆ, ಒಗರೂ ಬೇಗ ಇಳಿಯುತ್ತದೆ. ಆ ಒಗರನ್ನು ಮುಚ್ಚಲು ಹಾಲು ಬೇಕು, ಹಾಲಿನ ಚಹಾ ರುಚಿಸಲು ಸಕ್ಕರೆ ಬೇಕು. ದಿನಕ್ಕೆ 5 ಸಲ, ಸಲಕ್ಕೆ 2 ಚಮಚ ಎಂದು ಲೆಕ್ಕ ಹಾಕಿದರೆ ಮಧುಮೇಹಿಯ ಕಷ್ಟ ಎಲ್ಲಿಂದ ಬಂತೆಂಬುದು ತಾನೇ ತಿಳಿಯುತ್ತದೆ. ಹಾಲು ಸಕ್ಕರೆಗಳ ಮುಲಾಜಿಲ್ಲದೆ ಕುಡಿಯಬಹುದಾದದ್ದು ಎಲೆ ಚಹಾ. ನೀಲಗಿರಿಯಲ್ಲೂ ನಮ್ಮ ಚಿಕ್ಕಮಗಳೂರು, ಕೊಡಗಿನ ಕೆಲವೆಡೆಯೂ ಚಹಾ ತೋಟಗಳಿವೆ. ಎಲೆ ಮುರಿಯದಂತೆ ಹೊಸೆದ ಚಹಾವನ್ನು ಕೇಳಿ ತರಿಸಿಕೊಳ್ಳಬೇಕು. ಒಂದು ಬಟ್ಟಲು ನೀರಿಗೆ ಸಣ್ಣ ಚಮಚದಷ್ಟು, ಅಂದರೆ ಸುಮಾರು 2 ಗ್ರಾಂ ಎಲೆ ಸಾಕು. ನೀರು ಕುದಿ ಬಂದೊಡನೆ ಒಲೆಯಿಂದ ಇಳಿಸಿ, ಎಲೆಯ ಮೇಲೆರೆದು, ಮುಚ್ಚಳ ಮುಚ್ಚಿ 3-4 ನಿಮಿಷ ಬಿಡಬೇಕು. ಮುಚ್ಚಳವನ್ನು ಮರೆಯಬಾರದು, ಹೋಗುವ ಹಬೆಯೊಡನೆ ಪರಿಮಳವೂ ಹೋಗುತ್ತದೆ. ಹಸಿರು ಚಹಾಕ್ಕಾದರೆ ನೀರು ತುಸು ಆರಿರಬೇಕು, ಇಲ್ಲವಾದರೆ ಕಹಿ ಏಳುತ್ತದೆ.

ಇನ್ನು ಮಿಶ್ರಣ. ಕೊತ್ತಂಬರಿ, ಜೀರಿಗೆ, ಮೆಣಸು, ಶುಂಠಿಗಳನ್ನು ಹುರಿದು ಕಷಾಯದ ಪುಡಿ ಮಾಡಿಡುವ ತಾಯಂದಿರಿಗೆ ಇದನ್ನು ನಾವು ಕಲಿಸಬೇಕಾದದ್ದಿಲ್ಲ. ಮಳೆಗಾಲ, ಚಳಿಗಾಲಗಳಲ್ಲಿ 100 ಗ್ರಾಂ ಎಲೆಗೆ ಜಜ್ಜಿದ ಒಣಶುಂಠಿ 10 ಗ್ರಾಂ, ಒಂದೆರಡು ತುಂಡು ದಾಲ್ಚಿನ್ನಿ, ನಾಲ್ಕಾರು ಮೆಣಸು. ಆದರೆ ಶುಂಠಿ, ದಾಲ್ಚಿನ್ನಿಗಳು ಗಟ್ಟಿ ದ್ರವ್ಯಗಳಾದುದರಿಂದ ಅವನ್ನು ಬೇರೆ ಡಬ್ಬಿಯಲ್ಲಿಟ್ಟು, ಮೊದಲು ಅವನ್ನಷ್ಟೇ ಕುದಿಸಿ, ಆ ನೀರನ್ನು ಎಲೆಯ ಮೇಲೆ ಎರೆಯುವುದು ಉತ್ತಮ. ವಿಜಯಪುರ, ಕಲಬುರಗಿಯ ಬೇಸಿಗೆಗೆ ಇದು ಸಲ್ಲದು. ಆಗ ಸೋಂಪು, ಏಲಕ್ಕಿ, ನೆರಳಲ್ಲಿ ಒಣಗಿಸಿದ ಗುಲಾಬಿ ಪಕಳೆ ಹಿತಕರ. ಪಕಳೆ ಅಂಗಳದ ಗಿಡದ್ದಾಗಿರಲಿ. ಮಾಲೆಗೆಂದು ಬೆಳೆದ ಹೂವಿಗೆ ಎಷ್ಟು ಔಷಧಿ ಸಿಂಪಡಿಸಿರುತ್ತಾರೋ ಯಾರು ಬಲ್ಲರು. ತುಳಸಿ, ಮಜ್ಜಿಗೆಹುಲ್ಲುಗಳನ್ನು ಹಸಿಯಾಗಿಯೇ ಬಟ್ಟಲಿಗೆ ಹಾಕಿಕೊಳ್ಳಬಹುದು, ಡಬ್ಬಿಗೆ ಸೇರಿಸಕೂಡದು. ತೇವದಿಂದ ಬೂಸ್ಟು ಹಿಡಿಯುತ್ತದೆ. ಆರೋಗ್ಯಕ್ಕೆಂದು ಬಿಸಿ ಚಹಾಕ್ಕೆ ಜೇನು ಬೆರೆಸುವ ರೂಢಿಯೊಂದು ಹಬ್ಬಿದೆ. ಕಾಯಿಸಿದ ಜೇನನ್ನು ಶಾಸ್ತ್ರ ಒಪ್ಪದು, ನಾವೂ ಒಪ್ಪೆವು.

ಮನೆಯಲ್ಲೇ ಮಿಶ್ರಣ ಮಾಡಿಕೊಳ್ಳಿರೆಂದು ಇಷ್ಟೊಂದು ಒತ್ತಿ ಹೇಳುವುದು ಕೇವಲ ರುಚಿಗಾಗಿ ಅಲ್ಲ. ತೂಕ ಇಳಿಸುವ ಚಹಾ ಎಂದು ಮಾರುವ ಪೊಟ್ಟಣಗಳನ್ನು ರೋಗಿಗಳು ನಮಗೆ ತೋರಿಸುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಕೆಲವದರಲ್ಲಿ ಸೋನಾಮುಖಿ ಎಂದಿರುತ್ತದೆ. ಅದು ಭೇದಿಯ ಔಷಧಿ; ತಿಂಗಳುಗಟ್ಟಲೆ ಕುಡಿದರೆ ಕರುಳು ಅದಿಲ್ಲದೆ ಕೆಲಸ ಮಾಡದಂತಾಗುತ್ತದೆ, ದೇಹದ ಲವಣಾಂಶವೂ ಹೋಗುತ್ತದೆ. ಕಡಿಮೆಯಾಗುವ ತೂಕವೂ ಬಹುಪಾಲು ನೀರಿನದೇ. ಇನ್ನು ಕೆಲವದರಲ್ಲಿ ಸಿಹಿಗೆಂದು ಜ್ಯೇಷ್ಠಮಧು ಇರುತ್ತದೆ. ಗಂಟಲಿಗೆ ಅದು ಒಳ್ಳೆಯದೇ, ಆದರೆ ರಕ್ತದೊತ್ತಡವಿರುವವರು ನಿತ್ಯ ಸೇವಿಸಿದರೆ ಒತ್ತಡ ಏರುತ್ತದೆ. ಆಯುರ್ವೇದದ ಮೂಲಿಕೆಯೆಂಬ ಮಾತ್ರಕ್ಕೆ ನಿರಪಾಯಕರವೆಂದು ಭಾವಿಸುವುದನ್ನು ಆಯುರ್ವೇದ ವೈದ್ಯರಾದ ನಾವೇ ಬೇಡವೆನ್ನುತ್ತೇವೆ. ಮನೆಯ ಡಬ್ಬಿಯಲ್ಲಿ ಏನಿದೆಯೆಂದು ಮನೆಯವರಿಗೆ ಗೊತ್ತಿರುತ್ತದೆ.

ಹೆಣ್ಣುಮಕ್ಕಳಿಗೆ ಒಂದು ಮಾತು. ನಮ್ಮದು ಸಸ್ಯಾಹಾರ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳುವುದೇ ಕಷ್ಟ. ಊಟದೊಡನೆ ಬಂದ ಚಹಾದ ಒಗರು ಅದನ್ನು ಇನ್ನಷ್ಟು ತಡೆಯುತ್ತದೆ. ರೊಟ್ಟಿ ತಿಂದ ಕೈ ತೊಳೆಯುವ ಮೊದಲೇ ಚಹಾ ಕುಡಿದು, ಆಮೇಲೆ ರಕ್ತಹೀನತೆಗೆ ಮಾತ್ರೆ ನುಂಗುವವರನ್ನು ನಾವು ದಿನವೂ ನೋಡುತ್ತೇವೆ. ಕೆಲವರು ಆ ಮಾತ್ರೆಯನ್ನೂ ಚಹಾದೊಡನೆಯೇ ನುಂಗುತ್ತಾರೆ! ಊಟಕ್ಕೂ ಚಹಾಕ್ಕೂ ಕನಿಷ್ಠ 1 ಗಂಟೆಯ ಅಂತರವಿರಲಿ. ಗರ್ಭಿಣಿಯರು ಈ ನಿಯಮವನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು, ಬಟ್ಟಲುಗಳ ಸಂಖ್ಯೆಯನ್ನೂ ಇಳಿಸಬೇಕು.

ಹೊಸದಾಗಿ ತಂದ ಚಹಾದ ಬಗ್ಗೆ ಸಂಶಯವಿದ್ದರೆ ಒದ್ದೆ ಮಾಡಿದ ಬಿಳಿಯ ಹೀರುಗಾಗದದ ಮೇಲೆ ಒಂದು ಚಿಟಿಕೆ ಉದುರಿಸಿ ನೋಡಬೇಕು. ಕೂಡಲೇ ಗಾಢ ಬಣ್ಣದ ಕಲೆಗಳು ಮೂಡಿದರೆ ಅದಕ್ಕೆ ಕೃತಕ ಬಣ್ಣ ಬೆರೆತಿದೆಯೆಂದು ತಿಳಿಯಬೇಕು. ಒಳ್ಳೆಯ ಎಲೆಯನ್ನು ಬೆಳಕು, ಗಾಳಿ ತಾಗದ ಡಬ್ಬಿಯಲ್ಲಿ, ಇಂಗು, ಮಸಾಲೆಗಳಿಂದ ದೂರವಿಡಬೇಕು. ಚಹಾ ಪಕ್ಕದ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ. ಮಿಶ್ರಣವನ್ನು ಒಮ್ಮೆಗೆ 15 ದಿನಕ್ಕಾಗುವಷ್ಟು ಮಾತ್ರ ಮಾಡಿಟ್ಟುಕೊಂಡರೆ ಸಾಕು.