ಮಣಿಗಣಿತದ ನಿಜವಾದ ಬೆಲೆ

ನಮ್ಮ ಪಟ್ಟಣಗಳಲ್ಲಿ ಅಬ್ಯಾಕಸ್ ತರಗತಿಗಳು ಬೀದಿಬೀದಿಗೆ ತಲೆಯೆತ್ತಿರುವುದನ್ನು ವಾಚಕರು ಕಂಡಿರಲೇಬೇಕು. ಎಳೆಯ ಬಾಲಕನೊಬ್ಬನು ಕಣ್ಣು ಮುಚ್ಚಿ, ಬರಿಯ ಗಾಳಿಯಲ್ಲಿ ಬೆರಳಾಡಿಸುತ್ತ, ಹತ್ತಾರು ಸಂಖ್ಯೆಗಳ ಮೊತ್ತವನ್ನು ಕ್ಷಣಮಾತ್ರದಲ್ಲಿ ಹೇಳಿದರೆ ತಾಯಿತಂದೆಗಳು ಬೆರಗಾಗುವುದು ಸಹಜ. ಆ ಬೆರಗಿನ ಬೆನ್ನಿಗೇ, ಈ ವಿದ್ಯೆಯಿಂದ ಮಗುವಿನ ಬುದ್ಧಿ, ಜ್ಞಾಪಕ, ಏಕಾಗ್ರತೆಗಳೆಲ್ಲವೂ ವೃದ್ಧಿಯಾಗುವುವೆಂಬ ಜಾಹೀರಾತು ಅವರ ಕೈಸೇರುತ್ತದೆ. ಇದರಲ್ಲಿ ವಿದ್ಯೆಯೆಷ್ಟು, ವ್ಯಾಪಾರವೆಷ್ಟು ಎಂಬುದನ್ನು ವಿವೇಚಿಸುವುದು ಅವಶ್ಯವಾಗಿದೆ.

ಮೊದಲು ವಿದ್ಯೆಗೆ ಸಲ್ಲತಕ್ಕ ಮರ್ಯಾದೆಯನ್ನು ಸಲ್ಲಿಸೋಣ. ಈ ಪದ್ಧತಿಗೆ ಮೂಲವಾದ ಜಪಾನೀಯರ ಸೊರೊಬಾನ್ ಎಂಬ ಮಣಿಚೌಕಟ್ಟು ಚೀನದಿಂದ ಅಲ್ಲಿಗೆ ಹೋದದ್ದು. ಅದರ ಪ್ರತಿಯೊಂದು ಕಂಬಿಯಲ್ಲಿಯೂ ಅಡ್ಡಪಟ್ಟಿಯ ಮೇಲೆ ಐದರ ಬೆಲೆಯ ಒಂದು ಮಣಿ, ಕೆಳಗೆ ಒಂದರ ಬೆಲೆಯ ನಾಲ್ಕು ಮಣಿಗಳು. 7ಕ್ಕೆ 8ನ್ನು ಕೂಡಿಸಬೇಕಾದರೆ, ಹತ್ತರ ಕಂಬಿಯಲ್ಲಿ ಒಂದು ಮಣಿಯನ್ನೇರಿಸಿ, ಬಿಡಿಯ ಕಂಬಿಯಿಂದ 2ನ್ನು ಇಳಿಸಿದರೆ ತೀರಿತು. 15 ಕಣ್ಣೆದುರಿಗೆ ನಿಲ್ಲುತ್ತದೆ. ಹೀಗೆ ಕೈ ಪಳಗಿದ ಮೇಲೆ ಚೌಕಟ್ಟನ್ನು ತೆಗೆದಿಟ್ಟರೂ ಅದರ ಚಿತ್ರ ಮನಸ್ಸಿನಲ್ಲಿ ಉಳಿದು, ಮಣಿಗಳು ಅಲ್ಲಿಯೇ ಸರಿಯತೊಡಗುತ್ತವೆ. ಗಾಳಿಯಲ್ಲಾಡುವ ಬೆರಳು ಕಾಣದ ಮಣಿಯನ್ನು ನೂಕುವ ಬೆರಳು. ನಮ್ಮ ಹಳೆಯ ಮಠಗಳ ಕಾಲು, ಅರೆ, ಮುಕ್ಕಾಲು ಮಗ್ಗಿಗಳು ನಾಲಗೆ ಕಿವಿಗಳಲ್ಲಿ ನೆಲೆಸಿದ್ದರೆ, ಈ ಗಣಿತವು ಕಣ್ಣು ಬೆರಳುಗಳಲ್ಲಿ ನೆಲೆಸಿದೆ.

ಮಣಿಗಳ ಸಾಮರ್ಥ್ಯವು 1946ನೆಯ ನವೆಂಬರ್ 12ರಂದು ಟೋಕಿಯೋ ನಗರದಲ್ಲಿ ಪ್ರಕಟವಾಯಿತು. ಯುದ್ಧದಲ್ಲಿ ಸೋತು ಅಮೆರಿಕದ ಸೈನ್ಯದ ಅಧೀನದಲ್ಲಿದ್ದ ಆ ನಗರದಲ್ಲಿ, ಅಂಚೆ ಇಲಾಖೆಯ ನೌಕರ ಕಿಯೋಶಿ ಮತ್ಸುಜಾಕಿಯು ಸೊರೊಬಾನ್ ಹಿಡಿದು, ವಿದ್ಯುತ್ ಲೆಕ್ಕಯಂತ್ರ ಹಿಡಿದ ಅಮೆರಿಕದ ಸೈನಿಕ ಥಾಮಸ್ ವುಡ್‌ನನ್ನು ನಾಲ್ಕಕ್ಕೆ ಒಂದರಂತೆ ಸೋಲಿಸಿದನು. ಯಂತ್ರಕ್ಕೆ ದಕ್ಕಿದುದು ಗುಣಾಕಾರವೊಂದೇ. ಆ ದಿನ ಗೆದ್ದದ್ದು ಮಂತ್ರವಲ್ಲ, ಅಭ್ಯಾಸ.

ಇನ್ನು ಜಾಹೀರಾತಿನ ಮಾತು. ಡೇವಿಡ್ ಬಾರ್ನರ್ ಮೊದಲಾದ ಸಂಶೋಧಕರು ನಮ್ಮ ದೇಶದ ವಡೋದರಾದಲ್ಲಿಯೇ ಸುಮಾರು 200 ಮಕ್ಕಳನ್ನು ಮೂರು ವರ್ಷ ಪರೀಕ್ಷಿಸಿ, 2016ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದು ಗುಂಪಿಗೆ ಮನಸ್ಸಿನ ಮಣಿಗಣಿತ, ಇನ್ನೊಂದಕ್ಕೆ ಸಾಮಾನ್ಯ ಗಣಿತದ ಹೆಚ್ಚಿನ ಪಾಠ. ಮಣಿ ಕಲಿತವರು ಲೆಕ್ಕದಲ್ಲಿ ಮುಂದಾದರು. ಇದು ನಿಜವಾದ ಲಾಭ. ಆದರೆ ಅವರ ಬುದ್ಧಿಶಕ್ತಿಯಾಗಲಿ ಜ್ಞಾಪಕಶಕ್ತಿಯಾಗಲಿ ಇತರರಿಗಿಂತ ಹೆಚ್ಚಿದುದು ಕಂಡುಬರಲಿಲ್ಲ. ಚಿತ್ರವನ್ನು ಮನಸ್ಸಿನಲ್ಲಿ ಹಿಡಿದಿಡುವ ಶಕ್ತಿಯು ಆರಂಭದಲ್ಲಿಯೇ ಚೆನ್ನಾಗಿದ್ದ ಮಕ್ಕಳಿಗೆ ಲಾಭ ಹೆಚ್ಚು, ಉಳಿದವರಿಗೆ ಕಡಮೆ.

ಈ ಕೊನೆಯ ಸಂಗತಿಯನ್ನು ತಾಯಿತಂದೆಗಳು ವಿಶೇಷವಾಗಿ ಲಕ್ಷಿಸಬೇಕು. ಮನಸ್ಸಿನ ಮಣಿಗಳು ಎಲ್ಲ ಮಕ್ಕಳಿಗೂ ಒಂದೇ ತೆರನಾಗಿ ಒಲಿಯುವುವಲ್ಲ. ನೆರೆಮನೆಯ ಹುಡುಗನು ಪಾರಿತೋಷಕ ತಂದನೆಂದು, ತನ್ನ ಮಗುವು ಹಿಂದೆ ಬಿದ್ದುದಕ್ಕಾಗಿ ಅದನ್ನು ದಡ್ಡನೆಂದು ಗದರಿಸುವ ತಂದೆಯು, ಆ ಮಗುವಿಗೆ ಗಣಿತವನ್ನಲ್ಲ, ಗಣಿತದ ಭಯವನ್ನು ಕಲಿಸುತ್ತಾನೆ. ಮಿತವಾದ ಆದಾಯದಲ್ಲಿ ಶುಲ್ಕವನ್ನು ಹೊಂದಿಸಿದ ಸಂಸಾರಕ್ಕಂತೂ ಸುಳ್ಳು ಭರವಸೆಯು ಎರಡು ಬಗೆಯ ನಷ್ಟ: ಹಣವೂ ಹೋಯಿತು, ಮಗುವಿನ ಆತ್ಮವಿಶ್ವಾಸವೂ ಹೋಯಿತು.

ಆದುದರಿಂದ ನಾವು ಹೇಳಬಯಸುವುದಿಷ್ಟೇ. ತರಗತಿಗಳನ್ನು ನಡೆಸುವವರು ಲೆಕ್ಕವನ್ನು ಕಲಿಸುತ್ತೇವೆಂದು ಹೇಳಲಿ. ಬುದ್ಧಿಯನ್ನು ಮಾರುತ್ತೇವೆಂದು ಹೇಳದಿರಲಿ. ವಿದ್ಯಾ ಇಲಾಖೆಯವರು ಹತ್ತಾರು ಶಾಲೆಗಳಲ್ಲಿ ಮಣಿಚೌಕಟ್ಟನ್ನಿಟ್ಟು ಪರೀಕ್ಷಿಸಿ ನೋಡಲಿ. ಸ್ಥಾನಬೆಲೆಯನ್ನು ಕೈಯಿಂದ ಮುಟ್ಟಿ ತಿಳಿಯುವ ಸೌಕರ್ಯವು ಶುಲ್ಕ ತೆರಬಲ್ಲವರಿಗೆ ಮಾತ್ರ ಮೀಸಲಾಗಬೇಕಾದ ಕಾರಣವಿಲ್ಲ. ಒಳ್ಳೆಯ ವಿದ್ಯೆಗೆ ಅದರ ನಿಜವಾದ ಬೆಲೆಯೇ ಸಾಕು. ಇಲ್ಲದ ಬೆಲೆಯನ್ನು ಕಟ್ಟಿದರೆ, ಇದ್ದ ಬೆಲೆಯೂ ಒಂದು ದಿನ ಅಳಿದುಹೋದೀತು.