ಕಸುಬಿಗೆ ನಂಬಿಕೆಯೇ ಬಂಡವಾಳ

ಕೌಶಲವಿದ್ದರೆ ಕೆಲಸ ತಾನಾಗಿ ಸಿಗುತ್ತದೆಯೇ? ಬೆಂಗಳೂರಿನ ಮಣ್ಣು ವಡ್ಡರನ್ನು ನೋಡಿ. ತಲೆಮಾರುಗಳಿಂದ ಬಾವಿ ತೋಡುತ್ತಿದ್ದ ಅವರ ಕಸುಬನ್ನು ಕೊಳವೆಬಾವಿ ಯಂತ್ರಗಳು ಮೂಲೆಗೆ ತಳ್ಳಿದವು. 2009ರಲ್ಲಿ ನಗರದಲ್ಲಿ ಮಳೆನೀರು ಸಂಗ್ರಹ ಕಡ್ಡಾಯವಾದಾಗ ಇಂಗುಬಾವಿಗಳಿಗೆ ಬೇಡಿಕೆ ಬಂತು. ಆದರೆ ತೋಡುವವರು ಯಾರೆಂದು ಮನೆ ಮಾಲೀಕರಿಗೆ ಗೊತ್ತಿರಲಿಲ್ಲ.

ಆ ಕೊಂಡಿ ಬೆಸೆದದ್ದು ವಾಸ್ತುಶಿಲ್ಪಿ ಚಿತ್ರಾ ವಿಶ್ವನಾಥ್ ಮತ್ತು ಜಲತಜ್ಞ ಎಸ್. ವಿಶ್ವನಾಥ್ ಅವರ ಬಯೋಮ್ ಬಳಗ. ಹತ್ತು ಲಕ್ಷ ಇಂಗುಬಾವಿಗಳ ಅಭಿಯಾನದ ಮೂಲಕ ಬಾವಿ ತೋಡುವವರು ಮನೆಗಳಿಗೆ, ಅಪಾರ್ಟ್‌ಮೆಂಟ್‌ಗಳಿಗೆ ಪರಿಚಯವಾದರು. ಕಬ್ಬನ್ ಪಾರ್ಕಿನ ಹಳೆಯ ಬಾವಿಗಳಿಗೂ ಅವರ ಕೈಯಿಂದ ಮರುಜೀವ ಬಂತು.

ಸಮುದಾಯದೊಳಗಿನ ಒಗ್ಗಟ್ಟು ಕಷ್ಟಕ್ಕೆ ಆಸರೆ. ಹೊರಗಿನವರ ಜತೆಗಿನ ನಂಬಿಕೆ ದುಡಿಮೆಗೆ ದಾರಿ. ಸಾಮಾಜಿಕ ಬಂಡವಾಳದಲ್ಲಿ ಇವೆರಡೂ ಸೇರಿವೆ. ಆದರೆ ಪರಿಚಯವೊಂದೇ ಸಾಲದು. ಆಳಕ್ಕಿಳಿಯುವ ಕಾರ್ಮಿಕನಿಗೆ ಸುರಕ್ಷತಾ ಸಾಧನ, ವಿಮೆ, ನ್ಯಾಯವಾದ ಕೂಲಿಯೂ ಬೇಕು.

ಕಾವೇರಿ, ಕಬಿನಿ ಇವೆ ಎಂಬ ಧೈರ್ಯದಲ್ಲಿರುವ ಮೈಸೂರು 2024ರ ಬೇಸಿಗೆಯಲ್ಲಿ ಬೆಂಗಳೂರು ಪಟ್ಟ ಪಾಡನ್ನು ಮರೆಯಬಾರದು. ನಮ್ಮಲ್ಲಿ ಸಿವಿಲ್, ವಾಸ್ತುಶಿಲ್ಪ, ಸಮಾಜಕಾರ್ಯ ಓದುವವರಿದ್ದಾರೆ. ಅವರು ಜೊತೆಗೂಡಿ ಕುಶಲಕರ್ಮಿಗಳ ಪಟ್ಟಿ, ದರಪಟ್ಟಿ ಸಿದ್ಧಪಡಿಸಿ ಬಡಾವಣೆ ಸಂಘಗಳ ಬಾಗಿಲು ತಟ್ಟಿದರೆ, ಕೆಲಸ ಹುಡುಕುವ ಕೈಗಳೇ ಇನ್ನೊಬ್ಬರಿಗೂ ಕೆಲಸ ಕೊಡಬಲ್ಲವು.