ಕುಗ್ಗಿಸಿದ ಪ್ರತಿಯೇ ಮೂಲವಾದರೆ

ಯಲಹಂಕ ಉಪನಗರಕ್ಕೆ ಹೊಂದಿಕೊಂಡ ಅಟ್ಟೂರಿನಲ್ಲಿ ನಮ್ಮ ನೆರೆಮನೆಯವರು ಕುಂದಾಪುರದ ಕಡೆಯವರು. ಅವರ ತಂದೆ ಹವ್ಯಾಸಿ ವೇಷಧಾರಿ. 1996ರಲ್ಲಿ ಊರಿನಲ್ಲಿ ನಡೆದ ಅವರ ಒಂದು ಆಟವನ್ನು ಬಂಧುಗಳು ವಿಎಚ್‌ಎಸ್ ಟೇಪಿನಲ್ಲಿ ಸೆರೆಹಿಡಿದಿದ್ದರು. ಕೆಲವು ವರ್ಷಗಳ ನಂತರ ಸ್ಟುಡಿಯೊ ಒಂದರಲ್ಲಿ ಅದನ್ನು ವಿಸಿಡಿಗೆ ಇಳಿಸಿ, ಇನ್ನು ಈ ಹೊರೆ ಏಕೆಂದು ಟೇಪನ್ನು ಗುಜರಿಗೆ ಹಾಕಿದರು. ತಂದೆಯವರು ತೀರಿಕೊಂಡ ಮೇಲೆ ಆ ಆಟವನ್ನು ಯೂಟ್ಯೂಬಿಗೆ ಏರಿಸಬೇಕೆಂದು ಮಗ ನನ್ನ ಬಳಿ ತಂದಾಗ ಪರದೆಯ ಮೇಲೆ ಕಂಡದ್ದು ಇಷ್ಟು: ವೇಷ ಮಂಡಿ ಹಾಕಿದೊಡನೆ ದೇಹ ಚೌಕಚೌಕವಾಗಿ ಒಡೆಯುತ್ತದೆ, ಕೇದಿಗೆ ಮುಂದಲೆ ಕೆಂಪು ಮಸಿಯ ಕಲೆಯಾಗುತ್ತದೆ.

ತಪ್ಪು ಯಾರದು? ಟೇಪಿನಲ್ಲಿ ಸೆಕೆಂಡಿಗೆ 50 ಅರ್ಧಚಿತ್ರಗಳಿದ್ದವು. ವಿಸಿಡಿಯಲ್ಲಿ ಉಳಿದದ್ದು 352 ಅಡ್ಡ, 288 ಉದ್ದದ 25 ಚಿತ್ರಗಳು, ಅವೂ ಸೆಕೆಂಡಿಗೆ 1,150 ಕಿಲೋಬಿಟ್‌ನ ಇಕ್ಕಟ್ಟಿನಲ್ಲಿ. ವಿಡಿಯೊ ಕುಗ್ಗಿಸುವ ತಂತ್ರವು ಒಂದು ಚಿತ್ರವನ್ನು ಪೂರ್ತಿಯಾಗಿ ಇಟ್ಟುಕೊಂಡು, ಮುಂದಿನವುಗಳಲ್ಲಿ ಬದಲಾದುದನ್ನಷ್ಟೇ ಬರೆದುಕೊಳ್ಳುತ್ತದೆ. ಮೇಜಿನ ಹಿಂದೆ ಕುಳಿತು ವಾರ್ತೆ ಓದುವವರಿಗೆ ಇದು ಧಾರಾಳವಾಗಿ ಸಾಕು. ಯಕ್ಷಗಾನದಲ್ಲಿ ಬದಲಾಗದೆ ಉಳಿಯುವುದು ಹಿಂದಿನ ಪರದೆ ಮಾತ್ರ. ಭಾಷಣಕ್ಕೂ ಬಣ್ಣದ ವೇಷಕ್ಕೂ ಒಂದೇ ಅಳತೆಯ ಅಂಗಿ ಹೊಲಿಯುವ ಅಭ್ಯಾಸವನ್ನು ನಾವು ಇನ್ನೂ ಬಿಟ್ಟಿಲ್ಲ.

ಆ ಅಭ್ಯಾಸಕ್ಕೆ ಒಂದು ಕಾಲದಲ್ಲಿ ಅರ್ಥವಿತ್ತು. 2005ರಲ್ಲಿ ಯೂಟ್ಯೂಬ್ ಆರಂಭವಾದಾಗ ಚಿತ್ರ ಅಂಗೈಯಗಲದ್ದು, ಮನೆಗಳ ಇಂಟರ್‌ನೆಟ್ ಸಂಪರ್ಕ ಆಮೆವೇಗದ್ದು, ಕುಗ್ಗಿಸದೆ ಗತ್ಯಂತರವಿರಲಿಲ್ಲ. ಇಂದು ಫೈಬರ್ ಸಂಪರ್ಕವಿರುವ ಮನೆಯಲ್ಲೂ ಏರಿಸುವ ಮುನ್ನ ಕಡತವನ್ನು ಹಿಂಡಿ ಹಿಪ್ಪೆ ಮಾಡುವವರಿದ್ದಾರೆ. ನಾವು ಏನನ್ನೇ ಕಳುಹಿಸಿದರೂ ಯೂಟ್ಯೂಬ್ ಅದನ್ನು ಮತ್ತೊಮ್ಮೆ ತನ್ನ ಲೆಕ್ಕಕ್ಕೆ ಕುಗ್ಗಿಸುತ್ತದೆ ಎಂಬುದನ್ನು ಅವರು ಗಮನಿಸುವುದಿಲ್ಲ. ಹಿಪ್ಪೆಯನ್ನು ಎರಡನೆಯ ಬಾರಿ ಹಿಂಡಿದರೆ ರಸ ಬಂದೀತೆ? 1080 ಗೆರೆಗಳ ವಿಡಿಯೊಗೆ ಆ ಸಂಸ್ಥೆಯೇ ಸೂಚಿಸುವುದು ಸೆಕೆಂಡಿಗೆ 8 ಮೆಗಾಬಿಟ್; ಚಿತ್ರಗಳ ಸಂಖ್ಯೆ 50ಕ್ಕೆ ಏರಿದರೆ 12. ಎಂಟರ ಲೆಕ್ಕದಲ್ಲಿ ಒಂದು ಗಂಟೆಯ ಕಡತ ಸುಮಾರು 3.6 ಗಿಗಾಬೈಟ್ ಆಗುತ್ತದೆ. 20 ಮೆಗಾಬಿಟ್ ವೇಗದಲ್ಲಿ ಅದನ್ನು ಏರಿಸಲು ಅರ್ಧ ಗಂಟೆಯೂ ಬೇಡ. ಕುಣಿತವಿದ್ದರೆ ಇನ್ನೂ ಧಾರಾಳವಾಗಿರಲಿ ಎಂಬುದು ನನ್ನ ಅಭಿಪ್ರಾಯ.

'ಎಂಪಿ4ನಲ್ಲಿ ಕೊಡಿ' ಎಂದು ಕೇಳುವುದೂ ಅರ್ಧ ಮಾತು. ಎಂಪಿ4 ಎಂಬುದು ಡಬ್ಬಿ. ಒಳಗಿರುವ ಪದಾರ್ಥ ಸಾಮಾನ್ಯವಾಗಿ 2003ರಲ್ಲಿ ರೂಪುಗೊಂಡ ಎಚ್.264. ಡಬ್ಬಿಯ ಹೆಸರು ಹೇಳಿದ ಮಾತ್ರಕ್ಕೆ ತಿಂಡಿಯ ರುಚಿ ತಿಳಿಯುವುದಿಲ್ಲ. ಕೆಲವು ಅಂಗಳಗಳಿಗೆ ಆ ಡಬ್ಬಿಯೇ ನಿಷಿದ್ಧ. ಕನ್ನಡ ವಿಕಿಪೀಡಿಯದ ಲೇಖನಗಳಿಗೆ ಚಿತ್ರ, ವಿಡಿಯೊ ಒದಗಿಸುವ ವಿಕಿಮೀಡಿಯ ಕಾಮನ್ಸ್ ಎಂಪಿ4 ಅನ್ನು ಸ್ವೀಕರಿಸುವುದಿಲ್ಲ. 2014ರಲ್ಲಿ ಅಲ್ಲಿನ ಬಳಕೆದಾರರು ಚರ್ಚಿಸಿ, ಪೇಟೆಂಟಿನ ಹಂಗು ಬೇಡವೆಂದು ಅದನ್ನು ತಳ್ಳಿಹಾಕಿದರು. ಅಲ್ಲಿಗೆ ವೆಬ್‌ಎಂ ಬೇಕು. ಹಳೆಯ ಟೇಪಿನದು ಇನ್ನೊಂದು ಸೂಕ್ಷ್ಮ. ಅದರ 50 ಅರ್ಧಚಿತ್ರಗಳನ್ನು 50 ಪೂರ್ಣಚಿತ್ರಗಳಾಗಿ ಬಿಡಿಸಿ, 720 ಗೆರೆಗಳಿಗಾದರೂ ಹಿಗ್ಗಿಸಿ ಏರಿಸಬೇಕು. ಅದಕ್ಕಿಂತ ಕಿರಿದಾದ ಚಿತ್ರಕ್ಕೆ ಯೂಟ್ಯೂಬ್ ಆ ವೇಗವನ್ನು ಕೊಡುವುದಿಲ್ಲ, ಕುಣಿತದ ಅರ್ಧ ಚಲನೆ ಅಲ್ಲೇ ಸೋರಿಹೋಗುತ್ತದೆ. ವಾಟ್ಸ್‌ಆ್ಯಪಿನಲ್ಲಿ ಬಂದ ವಿಡಿಯೊವನ್ನೇ ಎತ್ತಿ ಏರಿಸುವುದಂತೂ ಬೇಡವೇ ಬೇಡ.

ಇದನ್ನೆಲ್ಲ ಮನೆಮಾತೆಂದು ತಳ್ಳಿಹಾಕುವಂತಿಲ್ಲ. ಶಾಲೆಗಳು, ಸಭೆಗಳು, ಯಕ್ಷಗಾನ ಸಂಘಗಳು ಏರಿಸಿದ ಮರುದಿನವೇ ಕ್ಯಾಮೆರಾದ ಕಾರ್ಡನ್ನು ಅಳಿಸಿ ಮುಂದಿನ ಕಾರ್ಯಕ್ರಮಕ್ಕೆ ಸಿದ್ಧವಾದರೆ, ಯೂಟ್ಯೂಬ್ ತನ್ನ ಅನುಕೂಲಕ್ಕೆ ಕುಗ್ಗಿಸಿದ ಪ್ರತಿಯೇ ಜಗತ್ತಿನಲ್ಲಿ ಉಳಿದ ಏಕೈಕ ಪ್ರತಿಯಾಗುತ್ತದೆ. ಖಾತೆಯ ಪಾಸ್‌ವರ್ಡ್ ತಿಳಿದ ಕಾರ್ಯದರ್ಶಿ ಬದಲಾದರೆ ಅದೂ ಕೈಗೆ ಸಿಗದು. ಸಾರ್ವಜನಿಕ ಹಣದಲ್ಲಿ ದಾಖಲೀಕರಣ ಮಾಡಿಸುವ ಅಕಾಡೆಮಿಗಳು ಮತ್ತು ಇಲಾಖೆಗಳು, ಕ್ಯಾಮೆರಾದ ಮೂಲ ಕಡತವನ್ನು ಎರಡು ಪ್ರತ್ಯೇಕ ಡಿಸ್ಕುಗಳಲ್ಲಿ ಒಪ್ಪಿಸಬೇಕೆಂಬ ಒಂದು ಸಾಲನ್ನು ಕರಾರಿನಲ್ಲಿ ಸೇರಿಸಲಿ. ಯೂಟ್ಯೂಬಿನ ಕೊಂಡಿ ಕಳುಹಿಸಿ ಬಿಲ್ಲು ಪಾಸು ಮಾಡಿಸಿಕೊಳ್ಳಲು ಅವಕಾಶವಿರಬಾರದು. ಡಿಸ್ಕಿನ ಖರ್ಚು ಊಟೋಪಚಾರದ ಖರ್ಚಿಗಿಂತ ಹೆಚ್ಚಾಗಲಾರದು. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ'ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆ ಕಾಲದವರಿಗೆ ಪ್ರತಿ ಮಾಡಿ ಇಡುವುದು ದುಬಾರಿಯ ಮಾತಾಗಿತ್ತು. ನಮಗೆ ಆ ನೆಪವೂ ಇಲ್ಲ.

ಅಂದಹಾಗೆ, ಅದೇ ರಾತ್ರಿಯ ಆಟದ ಇನ್ನೊಂದು ಟೇಪು ಕೋಟೇಶ್ವರದ ಬಂಧುವೊಬ್ಬರ ಅಟ್ಟದ ಮೇಲಿದೆಯೆಂದು ನಮ್ಮ ನೆರೆಯವರಿಗೆ ಈಗ ಸುದ್ದಿ ಬಂದಿದೆ. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿಯಾದ ಜಪಾನಿನ ಫುನೈ 2016ರಲ್ಲೇ ತಯಾರಿಕೆ ನಿಲ್ಲಿಸಿತು. ಟೇಪಿಗೆ ಬೂಷ್ಟು ಹಿಡಿಯುವ ಮೊದಲು ಓಡುವ ಯಂತ್ರವೊಂದು ಸಿಗಬೇಕು. ಅವರು ಯಲಹಂಕದ ಹಳೆಯ ರಿಪೇರಿ ಅಂಗಡಿಗಳನ್ನು ಒಂದೊಂದಾಗಿ ವಿಚಾರಿಸುತ್ತಿದ್ದಾರೆ.